ನಾಲ್ಕು ಟೈರುಗಳ ಬಾಣಂತನ

ಅಳಿಯನನ್ನು ಹುಡುಕಲು ಹೊರಟ ಮನುಷ್ಯ ಮೋಟಾರು ಹೇರಿಕೊಂಡು ಬಂದದ್ದನ್ನು ನನ್ನ ಆಯುಷ್ಯದಲ್ಲಿ ಒಂದೇ ಸಲ ಕಂಡಿದ್ದೇನೆ. ಆ ಮನುಷ್ಯ ನೀಲಕಂಠರಾಯರು. ಬೈಲಹೊಂಗಲದ ಮಾಮಲೇದಾರ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಕಾರಕೂನರು. ಮನೆಯೂ ನನ್ನ ಮನೆಯ ಪಕ್ಕಕ್ಕೇ. ಹಗಲಿಡೀ ಕಚೇರಿಯಲ್ಲಿ, ಉಳಿದ ಹೊತ್ತು ಗೋಡೆಯಾಚೆ, ಅವರನ್ನು ಸಹಿಸಿಕೊಳ್ಳಬೇಕೆಂದು ನನ್ನ ಹಣೆಯಲ್ಲಿ ಬರೆದಿತ್ತು. ಬರೆದವನು ಸಿಕ್ಕರೆ ನಾಲ್ಕು ಮಾತು ಕೇಳುವುದಿದೆ.

ಅವರಿಗೆ ಒಬ್ಬಳೇ ಮಗಳು, ಲೀಲಾ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಹತ್ತೊಂಬತ್ತು ತುಂಬಿತ್ತು. ಐದು ಕಡೆಯವರು ಬಂದು, ಅವಲಕ್ಕಿ ತಿಂದು, ‘ಊರಿಗೆ ಹೋಗಿ ಪತ್ರ ಬರೆಯುತ್ತೇವೆ’ ಎಂದು ಹೋಗಿದ್ದರು. ಒಬ್ಬರಿಗೂ ಬರೆಯಲು ಪುರಸತ್ತು ಆಗಿರಲಿಲ್ಲ. ಆರನೆಯದಾಗಿ ಕಿತ್ತೂರಿನ ದಿಗಂಬರರಾಯರ ಮಗ ಬಾಳಕೃಷ್ಣನ ಜಾತಕ ಕೂಡಿಬಂತು. ದಿಗಂಬರರಾಯರು ಪೆನ್ಶನ್ ಆದ ಹೆಡ್ಮಾಸ್ತರರು, ಹುಡುಗ ಧಾರವಾಡದಲ್ಲಿ ನೌಕರಿಯಲ್ಲಿದ್ದ. ‘ಶ್ರಾವಣದ ಎರಡನೆಯ ಗುರುವಾರ ಕನ್ಯೆ ನೋಡಲು ಬರುತ್ತೇವೆ’ ಎಂದು ಅವರ ಪತ್ರ ಬಂತು. ‘ಬನ್ನಿರಿ’ ಎಂದು ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು. ನೀಲಕಂಠರಾಯರು ಬರೆದದ್ದು: ‘ತಮ್ಮನ್ನು ಕರೆತರಲು ನಮ್ಮ ಮೋಟಾರು ಕಳಿಸುತ್ತೇವೆ.’

“ನಿಮಗ ಮೋಟಾರು ಎಲ್ಲದರೀ?” ಎಂದು ನಾನು ಗಾಬರಿಯಿಂದ ಕೇಳಿದೆ.

“ಬರ್ತದ. ತೊರಗಲ್ಲಿನಾಗ ನಮ್ಮ ಷಡ್ಡಕರ ಕೊಟ್ಟಿಗ್ಯಾಗ ಒಂದು ಅದ. ಯುದ್ಧದಾಗ ಪೆಟ್ರೋಲು ಸಿಗಲಾರದ್ದಕ್ಕ ನಿಲ್ಲಿಸಿದ್ದು. ಒಯ್ಯಿರಿ, ಕೊಟ್ಟಿಗಿ ಖಾಲಿ ಆಗ್ತದ ಅಂದಾರ.”

“ನಡೀತದೇನು?”

“ಮೋಟಾರು ನಡೀದ ಕೂಡ್ತದೇನ್ರಿ? ಅದನ್ನ ಮಾಡಿದ್ದ ಅದಕ್ಕಲ್ಲ?”

ಈ ಉತ್ತರಕ್ಕೆ ಎದುರು ಮಾತಾಡುವ ಶಕ್ತಿ ಪರಮೇಶ್ವರನಿಗೂ ಇರಲಿಕ್ಕಿಲ್ಲ.

ಭಾನುವಾರ ಮಧ್ಯಾಹ್ನ ಓಣಿಯೆಲ್ಲ ಊಟ ಮಾಡಿ ಮಲಗಿದ್ದಾಗ ಮೋಟಾರು ಬಂತು. ಎರಡು ಜೋಡಿ ಎತ್ತು ಕಟ್ಟಿದ ಚಕ್ಕಡಿಯ ಮೇಲೆ, ಮನೋಳಿ ಹಾದು, ಸವದತ್ತಿ ಹಾದು, ಯಾರ ಕಣ್ಣಿಗೂ ಬೀಳಬಾರದೆಂದು ಮೈತುಂಬ ಜೋಳದ ಕಣಿಕೆ ಹೊದ್ದುಕೊಂಡು ಬಂತು. ಹಿಂದಿನ ಸಂದಿಯಿಂದ ಹಿತ್ತಲಿಗೆ ಇಳಿಸಿದೆವು. ಗುರುವಾರ ಒಮ್ಮೆಲೇ ಮೋಟಾರು ಹೊರಬಿದ್ದಾಗ ಇಡೀ ಓಣಿ ಬೆರಗಾಗಬೇಕೆಂಬುದು ನೀಲಕಂಠರಾಯರ ಆಸೆ. ಆದ್ದರಿಂದ ಯಾರಿಗೂ ಹೇಳುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡರು. ಆದರೆ ಎದುರು ಮನೆಯ ಸೋಮವ್ವ ಹಗಲು ಮಲಗುವವಳಲ್ಲ.

“ಕಣಿಕಿ ಯಾಕ್ರೀ ರಾಯರ, ನಿಮ್ಮ ಮನ್ಯಾಗ ಆಕಳ ಇಲ್ಲಲ್ಲ?” ಎಂದು ಅಲ್ಲಿಂದಲೇ ಕೂಗಿದಳು.

“ಬರೂದದ, ಬರೂದದ,” ಎಂದು ಇವರು ಕೈಬೀಸಿ ಬಾಗಿಲು ಹಾಕಿಕೊಂಡರು.

ಮೋಟಾರಿಗೆ ಗಾಲಿಗಳಿದ್ದವು, ಗಾಲಿಗಳ ಮೇಲೆ ಟೈರುಗಳಿರಲಿಲ್ಲ. ಹನ್ನೆರಡು ವರ್ಷ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ್ದ ನಾಲ್ಕು ಟೈರುಗಳು ಬೇರೆ ಗಂಟಿನಲ್ಲಿ ಬಂದಿದ್ದವು. ತೂಗಿ ತೂಗಿ ನಾಲ್ಕೂ ತತ್ತಿಯ ಆಕಾರಕ್ಕೆ ಬಂದಿದ್ದವು. ಬಡಿದರೆ ಕಟ್ಟಿಗೆ ಬಡಿದಂತೆ ಸಪ್ಪಳ.

ಸೋಮವಾರ ಸೈಕಲ್ ಅಂಗಡಿಯ ಸಂಗಪ್ಪನನ್ನು ಹಿಂದಿನ ಬಾಗಿಲಿನಿಂದ ಕರೆತಂದರು. ಅವನಿಂದಲೂ ಆಣೆಯಾಯಿತು. ಸಂಗಪ್ಪ ಗಾಲಿಯನ್ನು ನೆಲಕ್ಕೆ ಮಲಗಿಸಿ, ಟೈರನ್ನು ಅದರ ಮೇಲಿಟ್ಟು, ಕಬ್ಬಿಣದ ಹಾರೆಯಿಂದ ಅಂಚನ್ನು ಮೀಟಿ ಒಳಗೆ ಕೂರಿಸಿದ. ಈ ಕಡೆಯದು ಕೂತ ಕೂಡಲೇ ಆ ಕಡೆಯದು ಎದ್ದು ನಿಂತಿತು. ಆ ಕಡೆ ನೀಲಕಂಠರಾಯರನ್ನು ನಿಲ್ಲಿಸಿದ. ಎಡಕ್ಕೆ ಎದ್ದಿತು. ಎಡಕ್ಕೆ ನನ್ನನ್ನು ನಿಲ್ಲಿಸಿದ. ಬಲಕ್ಕೆ ಅವರ ಹೆಂಡತಿ ಕಮಲಾಬಾಯಿ ‘ರಾಮ ರಾಮ’ ಎನ್ನುತ್ತ ಹತ್ತಿದರು. ಒಂದು ಟೈರಿನ ಮೇಲೆ ಮೂವರು ಸಭ್ಯಸ್ಥರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಿಂತಿರುವಾಗ ಹಾರೆ ಜಾರಿತು. ಟೈರು ಸಿಡಿದು ಎದ್ದಿತು. ನಾನು ತುಳಸಿಕಟ್ಟೆಯ ಬುಡಕ್ಕೆ ಬಿದ್ದೆ. ಕಮಲಾಬಾಯಿ ಕಣಿಕೆಯ ಮೇಲೆ ಬಿದ್ದರು, ಪುಣ್ಯವಂತೆ. ನೀಲಕಂಠರಾಯರ ಟೋಪಿ ಗೋಡೆ ಹಾರಿ ನಮ್ಮ ಬಾವಿಗೆ ಬಿತ್ತು.

“ಇದು ರಬ್ಬರ ಅಲ್ರೀ ಸಾಹೇಬ್ರ,” ಎಂದು ಸಂಗಪ್ಪ ಬೆವರು ಒರೆಸಿಕೊಂಡ. “ಮೊದಲ ಮೆತ್ತಗ ಮಾಡಬೇಕ ಇವನ್ನ. ಬಿಸಲಾಗ ಇಟ್ರ ಆಗತೈತಿ, ಆದ್ರ ಈ ಶ್ರಾವಣದಾಗ ಬಿಸಲ ಎಲ್ಲಿಂದ ತರೂಣು? ಬಿಸಿನೀರ ಹಾಕ್ರಿ, ಮ್ಯಾಲ ಎಣ್ಣಿ ತಿಕ್ರಿ. ದಿನಾ ಎರಡ ಸಲ. ನಾಕೂ ಸಡ್ಲ ಆಗತಾವ.”

ಬಾಗಿಲಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಶಾಂತಾಬಾಯಿ, ನೀಲಕಂಠರಾಯರ ಸೋದರತ್ತೆ, ಇಷ್ಟು ಹೊತ್ತು ತಮಗೆ ಸಂಬಂಧವಿಲ್ಲದಂತೆ ಇದ್ದರು. ಬಿಸಿನೀರು, ಎಣ್ಣೆ ಎಂಬ ಎರಡು ಶಬ್ದ ಕಿವಿಗೆ ಬಿದ್ದ ಕೂಡಲೇ ಅವರ ಅಧಿಕಾರದ ವಿಷಯ ಬಂದಂತಾಯಿತು.

“ಎಣ್ಣಿ ಹಚ್ಚಿ ಬಿಸಿನೀರು ಹಾಕೂದಿದ್ರ ನಿಮ್ಮಂಥಾ ಗಂಡಸರ ಕೈಲೆ ಏನಾಗ್ತದೋ ನೀಲಕಂಠಾ? ಮರೆವ್ವನ್ನ ಕರೀ. ಬಿಗದ ಸಂದು ಬಿಡಸೋದ್ರಾಗ ಆಕಿ ಕೈ ಯಾರಿಗೂ ಇಲ್ಲ.”

ಮರೆವ್ವ ನಮ್ಮೂರಿನ ಸೂಲಗಿತ್ತಿ. ಅರ್ಧ ಬೈಲಹೊಂಗಲವನ್ನು ಈ ಲೋಕಕ್ಕೆ ಎಳೆದವಳು ಅವಳೇ. ಮಂಗಳವಾರ ಬೆಳಿಗ್ಗೆ ಅವಳೂ ಹಿಂದಿನ ಬಾಗಿಲಿನಿಂದ ಬಂದಳು, ಆಣೆ ಮಾಡಿದಳು. ಟೈರುಗಳನ್ನು ನೋಡಿ ಅವಳಿಗೆ ನಗು ಬರಲಿಲ್ಲ. ನಾಲ್ಕನ್ನೂ ಒಂದೊಂದಾಗಿ ಮುಟ್ಟಿ, ತಿರುವಿ, ಅಂಚನ್ನು ಹಿಚುಕಿದಳು.

“ಭಾಳ ಬಿಗದಾವ್ರಿ. ಆದ್ರ ನಾ ಕೈ ಹಚ್ಚಿದ್ರ ಎಲ್ಲಾ ಕ್ರಮದ ಪರಕಾರ ಆಗಬೇಕ. ಅರ್ಧಾ ಮಾಡೂದ ನಮ್ಮ ಕಸಬ ಅಲ್ಲ. ಬೇವಿನ ತಪ್ಪಲಾ ಹಾಕಿ ನೀರ ಕಾಸ್ರಿ. ಎಳ್ಳೆಣ್ಣಿ ಕೊಡ್ರಿ. ಲೋಬಾನ ಬೇಕ. ಸುತ್ತಾಕ ಹಳೇ ಮೆತ್ತನ್ನ ಸೀರಿ ಬೇಕ.”

ಬಚ್ಚಲಮನೆಯಲ್ಲಿ ಮರೆವ್ವ ಮಣೆಯ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಟೈರನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ತಿಕ್ಕಿ, ಕುದಿನೀರು ಹೊಯ್ದಳು. ಆಮೇಲೆ ಲೋಬಾನದ ಹೊಗೆ ಕೊಟ್ಟು, ಕಮಲಾಬಾಯಿಯ ಹಳೇ ಸೀರೆಯಲ್ಲಿ ಸುತ್ತಿ, ಒಳಕೋಣೆಯಲ್ಲಿ ಸಾಲಾಗಿ ಮಲಗಿಸಿದಳು. ದೃಷ್ಟಿಯಾಗಬಾರದಲ್ಲ! ಕರಿಯ ಟೈರಿಗೆ ಕಾಡಿಗೆ ಕಾಣುವುದಿಲ್ಲವೆಂದು ಸುಣ್ಣದ ಬೊಟ್ಟು ಇಟ್ಟಳು. ಇಷ್ಟಾದ ಮೇಲೆ ಅಂಚು ನಿಜವಾಗಿಯೂ ಒಂದಿಷ್ಟು ಬಾಗಿತು. ನೀಲಕಂಠರಾಯರ ಕಣ್ಣಲ್ಲಿ ನೀರು ಬಂತು.

ಇನ್ನು ಸೋಮವ್ವನ ಕಣ್ಣಿನಿಂದ ಇದೇ ದಿನವನ್ನು ನೋಡಿರಿ. ಪಾಪ, ಅವಳದೇನು ತಪ್ಪು? ಬೆಳಿಗ್ಗೆ ಎದುರು ಮನೆಗೆ ಸೂಲಗಿತ್ತಿ ಹಿಂದಿನ ಬಾಗಿಲಿನಿಂದ ಹೋದಳು. ಬಚ್ಚಲಲ್ಲಿ ಹಂಡೆ ಕುದಿಯಿತು. ಬೇವಿನ ತಪ್ಪಲು ಒಳಗೆ ಹೋಯಿತು. ಲೋಬಾನದ ವಾಸನೆ ಓಣಿಗೆಲ್ಲ ಹರಡಿತು. ಸಂಜೆ ಮರೆವ್ವ ಮತ್ತೆ ಬಂದಳು. ‘ಏನವಾ ವಿಶೇಷ?’ ಎಂದರೆ ತುಟಿಗೆ ಬೆರಳಿಟ್ಟಳು. ಮನೆಯಲ್ಲಿರುವ ಹೆಂಗಸರು ಮೂವರು: ಎಪ್ಪತ್ತರ ವಿಧವೆ ಶಾಂತಾಬಾಯಿ, ಐವತ್ತು ಸಮೀಪಿಸಿದ ಕಮಲಾಬಾಯಿ, ಮದುವೆಯಾಗದ ಲೀಲಾ. ಸೋಮವ್ವ ಎದೆ ಹಿಡಿದುಕೊಂಡು ಕಟ್ಟೆಗೆ ಕುಳಿತಳು.

ಆದರೂ ಅವಳು ಬಾಯಿ ಬಿಡುತ್ತಿರಲಿಲ್ಲವೇನೋ. ಬಾಯಿ ಬಿಡಿಸಿದ್ದು ಅಂಟು.

ಮಂಗಳವಾರ ಸಂಜೆ ಸಂಗಪ್ಪ ಟ್ಯೂಬುಗಳನ್ನು ನೋಡಿ, ತೂತಿಗೆ ತೇಪೆ ಹಚ್ಚಬೇಕು, ತನ್ನ ಡಬ್ಬಿ ಒಣಗಿದೆ, ಪೇಟೆಯಿಂದ ಅಂಟು ತನ್ನಿರಿ ಎಂದ. ಯಾವ ಅಂಟು ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ನೀಲಕಂಠರಾಯರಿಗೆ ಗೊತ್ತಿದ್ದದ್ದು ಒಂದೇ ಅಂಟು, ಅದು ಸಿಗುವುದು ಅಂದಾನೆಪ್ಪನ ಕಿರಾಣಿ ಅಂಗಡಿಯಲ್ಲಿ. ಲೀಲಾ ಹುಟ್ಟಿದಾಗ ಬಾಣಂತಿಯ ಉಂಡೆಗೆ ಅಲ್ಲಿಂದಲೇ ತಂದಿದ್ದರು. ಈಗ ಅವರು ಹೋದಾಗ ಅಲ್ಲಿ ನಾನೂ ಬೆಲ್ಲ ಕಟ್ಟಿಸುತ್ತಿದ್ದೆ. ಸಂಗಪ್ಪನ ಮಾತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಬೆಲ್ಲದ ಪೆಂಟೆಯನ್ನೇ ಅವರ ಬಾಯಿಗೆ ತುರುಕುತ್ತಿದ್ದೆ.

“ಅಂಟು ಕೊಡ್ರಿ ಅಂದಾನೆಪ್ಪ.”

ಅಂದಾನೆಪ್ಪನ ಕೈ ತಕ್ಕಡಿಯ ಮೇಲೆ ನಿಂತಿತು. “ಅಂಟ ಏನ್ರೀ? ಎಷ್ಟ ಕೊಡ್ಲಿ?”

“ನಾಲ್ಕಕ್ಕ ಸಾಲುವಷ್ಟು.”

“ನಾಕ?”

“ಮೆಲ್ಲಕ ಮಾತಾಡ್ರಿ. ಹೂಂ, ನಾಲ್ಕು. ನಾಲ್ಕೂ ಕೂಡೇ ಬಂದಾವ. ಒಂದು ಮಾತ್ರ ಭಾಳ ನಾಜೂಕ ಅದ.”

“ಶಿವನ! ರಾಯರ, ಇದು ಯಾವಾಗ ಆತು?”

“ಭಾನುವಾರ ಮಧ್ಯಾಹ್ನ. ಯಾರಿಗೂ ಗೊತ್ತಾಗಬಾರ್ದು, ಕೈ ಮುಗೀತೇನಿ. ಗುರುವಾರ ಕಿತ್ತೂರಿನವರು ಹುಡುಗೀನ್ನ ನೋಡಲಿಕ್ಕೆ ಬರ್ತಾರ. ಅಷ್ಟರಾಗ ಹೆಂಗಾರ ಮಾಡಿ ಎಲ್ಲಾ ಸರಿ ಮಾಡಿಬಿಡಬೇಕು.”

ಅಂದಾನೆಪ್ಪ ತುಂಬಾ ಹೊತ್ತು ಇವರ ಮುಖ ನೋಡಿದ. ಆಮೇಲೆ ಅಂಟು ಕಟ್ಟಿಕೊಟ್ಟ. ಕೇಳದಿದ್ದರೂ ಒಣಕೊಬ್ಬರಿ, ಉತ್ತತ್ತಿ, ಅಳವಿ ಬೀಜ ಎಲ್ಲ ಕಟ್ಟಿ, “ಇರ್ಲಿ ತಗೋರಿ, ಇಂಥಾ ವ್ಯಾಳ್ಯಾದಾಗ ಬೇಕಾಗ್ತಾವ,” ಎಂದು ಕೈಗಿತ್ತ. ಅವನ ಕಣ್ಣು ಒದ್ದೆಯಾಗಿತ್ತು. ಅವನ ಮನುಷ್ಯತ್ವ ದೊಡ್ಡದು. ಅವನ ಹೆಂಡತಿ ರಾಚವ್ವನ ಕಿವಿ ಅದಕ್ಕಿಂತ ದೊಡ್ಡದು, ಅದು ಅಂಗಡಿಯ ಹಿಂದಿನ ಬಾಗಿಲಲ್ಲೇ ಇತ್ತು.

ಮನೆಯಲ್ಲಿ ಸಂಗಪ್ಪ ಪೊಟ್ಟಣ ಬಿಚ್ಚಿ, “ಇದ ತಿನ್ನೂ ಅಂಟರೀ!” ಎಂದು ಹಣೆ ಬಡಿದುಕೊಂಡ. ಹೊತ್ತಾಗಿತ್ತು. ಅದನ್ನೇ ಬಿಸಿನೀರಿನಲ್ಲಿ ಕರಗಿಸಿ ತೇಪೆ ಹಚ್ಚಿದರು. ಬುಧವಾರ ಬೆಳಿಗ್ಗೆ ಟ್ಯೂಬಿನ ಮೇಲೆ ಇರುವೆಗಳು ಸಾಲುಗಟ್ಟಿದ್ದವು.

ಅಷ್ಟೊತ್ತಿಗೆ ಸುದ್ದಿ ಊರು ತಿರುಗಿ ನಮ್ಮ ಮನೆಗೂ ಬಂದಿತ್ತು. ನನ್ನ ಹೆಂಡತಿ ಊಟಕ್ಕೆ ಬಡಿಸುತ್ತ, “ಲೀಲಾಗ ನಾಲ್ಕು ಆಗ್ಯಾವಂತ, ನಾಲ್ಕೂ ಕರ್ರಗ ಅವಂತ. ನಿಮಗ ಗೊತ್ತಿತ್ತೇನು?” ಎಂದಳು. ನಾನು ಆಣೆ ಗೀಣೆ ಎಲ್ಲ ಬಿಟ್ಟು, ಅವು ಕೂಸುಗಳಲ್ಲ, ಟೈರುಗಳು, ಮರೆವ್ವ ಅವಕ್ಕೆ ನೀರು ಎರೆಯಲಿಕ್ಕೆ ಬರುತ್ತಾಳೆ ಎಂದು ನಿಜ ಹೇಳಿದೆ.

ಅವಳು ಮಜ್ಜಿಗೆಯ ತಂಬಿಗೆ ಎತ್ತಿಕೊಂಡು ಒಳಗೆ ನಡೆದಳು. “ಸುಳ್ಳು ಹೇಳೂದಿದ್ರ ನಂಬುವಂಥಾದ್ದು ಹೇಳ್ರಿ,” ಎಂಬ ಮಾತು ಅಡಿಗೆಮನೆಯಿಂದ ಬಂತು.

ಬುಧವಾರ ಸಂಜೆ ಮುನ್ಸಿಪಾಲ್ಟಿಯಲ್ಲಿ ಹುಟ್ಟು-ಸಾವು ಬರೆಯುವ ಶಂಕ್ರೆಪ್ಪ ರಜಿಸ್ಟರು ಬಗಲಲ್ಲಿಟ್ಟುಕೊಂಡು ಅವರ ಕಟ್ಟೆಗೆ ಬಂದ. ಮೋಟಾರಿನ ಸುಳಿವು ಸರಕಾರಕ್ಕೆ ಹತ್ತಿತೆಂದು ನೀಲಕಂಠರಾಯರ ಮುಖ ಬೆಳ್ಳಗಾಯಿತು. ನಾನು ನನ್ನ ಕಟ್ಟೆಯಲ್ಲಿ ಕುಳಿತು ಕೇಳುತ್ತಿದ್ದೆ.

“ಮನೀಗಿ ಹೊಸಾದು ಬಂದ ಮ್ಯಾಲ ಬರಸಬೇಕಲ್ರೀ ರಾಯರ. ನೀವ ಸರಕಾರಿ ನೌಕರರು, ನಿಮಗ ನಾ ಹೇಳಬೇಕ?”

“ಬರಸ್ತೇನಿ ಶಂಕ್ರೆಪ್ಪ, ಬರಸ್ತೇನಿ. ಗುರುವಾರ ಒಂದು ದಾಟಲಿ.”

“ಒಂದ ಸಲ ತೋರಿಸ್ರಿ, ನೋಡಿ ಹೋಕ್ಕೇನಿ.”

“ಈಗ ತೋರಸೂ ಸ್ಥಿತಿಯೊಳಗ ಇಲ್ಲ. ಇನ್ನೂ ಅವಕ್ಕ ಗಾಳಿ ನಿಲ್ಲವಲ್ದು.”

ಶಂಕ್ರೆಪ್ಪ ಬರೆಯುವ ಟಾಕು ಕೆಳಗಿಟ್ಟ. “ನಾಕಕ್ಕೂ?”

“ಮೂರಕ್ಕ ನಿಂತದ. ನಾಲ್ಕನೇದು ಮಾತ್ರ, ಹಾಕಿದ ಗಾಳಿ ಹಾಂಗ ಹೊರಗ ಹೋಗ್ತದ. ಉಳೀತದಂತ ನನಗೇನು ಆಸೆ ಇಲ್ಲ.”

ಶಂಕ್ರೆಪ್ಪ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಒಂದು ನಿಮಿಷ ನಿಂತ. ಹುಟ್ಟಿನ ರಜಿಸ್ಟರು ಮುಚ್ಚಿದ. ಸಾವಿನದು ಕಚೇರಿಯಲ್ಲಿದೆ, ಅದನ್ನೂ ತರುತ್ತೇನೆ ಎಂದು ಮೆಲ್ಲಗೆ ಹೇಳಿ ಹೋದ. ನಾನು ಅವರ ಕಟ್ಟೆಗೆ ಓಡಿ ನೀಲಕಂಠರಾಯರಿಗೆ ಎಲ್ಲ ಬಿಡಿಸಿ ಹೇಳಲು ಹೋದೆ. ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, “ನಾಳೆ ಹೇಳ್ರಿ, ನಾಳೆ. ಈಗ ನಾಲ್ಕನೇದಕ್ಕ ನೀರು ಹಾಕೂ ಹೊತ್ತು,” ಎಂದು ಒಳಗೆ ಓಡಿದರು. ನನಗೂ ಸಿಟ್ಟು ಬಂತು. ಹಾಳಾಗಿ ಹೋಗಲಿ ಎಂದು ಮನೆಗೆ ಬಂದು ಮಲಗಿದೆ. ಅವತ್ತು ಅವರ ರಟ್ಟೆ ಹಿಡಿದು ಕೂರಿಸಿ ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು.

ಗುರುವಾರ ಬಂತು. ಮೂರು ಟೈರು ಗಾಲಿಗೇರಿ, ಗಾಲಿಯ ಸಮೇತ ಒಳಕೋಣೆಯಲ್ಲಿ ಮಲಗಿದ್ದವು, ನಾಲ್ಕನೆಯದು ಏರಲಿಲ್ಲ. ಕಿತ್ತೂರಿನಲ್ಲಿ ದಿಗಂಬರರಾಯರು ಜರಿಯ ರುಮಾಲು ಸುತ್ತಿಕೊಂಡು ಬೆಳಗಿನಿಂದ ಮೋಟಾರಿನ ದಾರಿ ಕಾದರು. ಕಾದು ಬೇಸತ್ತು, ಮಗನನ್ನು ಕರೆದುಕೊಂಡು ಬಸ್ಸು ಹತ್ತಿ, ಮೂರು ಗಂಟೆಗೆ ಬಂದಿಳಿದರು. ಮನೆಗೆ ಬಂದಾಗ ಇಬ್ಬರ ಮುಖವೂ ಧೂಳಿನಿಂದ ಕೆಂಪಾಗಿತ್ತು.

“ಮೋಟಾರು?” ಎಂದರು ದಿಗಂಬರರಾಯರು.

“ಸ್ವಲ್ಪ ದುರುಸ್ತಿಗೆ ಅದರೀ,” ಎಂದು ನೀಲಕಂಠರಾಯರು ಕೈ ಹೊಸೆದರು.

ದಿಗಂಬರರಾಯರು ಒಳ್ಳೆಯ ಮನುಷ್ಯ, ಮುಂದೆ ಕೇಳಲಿಲ್ಲ. ಲೀಲಾ ಅವಲಕ್ಕಿಯ ತಾಟು ತಂದಿಟ್ಟು ನಮಸ್ಕಾರ ಮಾಡಿದಳು. ಬಾಳಕೃಷ್ಣ ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. ಅವಲಕ್ಕಿಗೆ ಉಪ್ಪು ಕಡಿಮೆಯಾಗಿತ್ತು, ಅವನು ಎರಡು ಸಲ ಹಾಕಿಸಿಕೊಂಡು ತಿಂದ. ಲೀಲಾ ತಲೆ ತಗ್ಗಿಸಿಕೊಂಡೇ ನಕ್ಕಳು. ಐದು ಸಲ ನಾನು ಆ ಮನೆಯಲ್ಲಿ ಇಂಥ ಅವಲಕ್ಕಿಗೆ ಕುಳಿತಿದ್ದೆ, ಅವಳು ನಕ್ಕದ್ದು ಇದೇ ಮೊದಲು. ಕೆಲಸ ಆಯಿತು ಎಂದು ನನ್ನ ಮನಸ್ಸು ಹೇಳಿತು.

ಆಗ ಓಣಿಯ ಹೆಂಗಸರೆಲ್ಲ ಬಂದರು.

ಮುಂದೆ ಸೋಮವ್ವ, ಹಿಂದೆ ರಾಚವ್ವ, ತಾಯವ್ವ, ಶೆಟ್ಟೆವ್ವ. ಒಬ್ಬಳ ತಲೆಯ ಮೇಲೆ ತೊಟ್ಟಿಲು, ಒಬ್ಬಳ ಕೈಯಲ್ಲಿ ಅಂಟಿನ ಉಂಡೆಯ ಡಬ್ಬಿ. ಎರಡು ದಿನ ವಿಚಾರ ಮಾಡಿ ಅವರು ಲೀಲಾಳನ್ನು ಕ್ಷಮಿಸಿಬಿಟ್ಟಿದ್ದರು. ಇಂಥ ಉದಾರ ಓಣಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಸೋಮವ್ವ ಕೂಸಿನ ತಲೆಗೆ ಕಟ್ಟುವ ನಾಲ್ಕು ಬಣ್ಣದ ಕುಂಚಿಗೆಗಳನ್ನು ಲೀಲಾಳ ಮಡಿಲಿಗೆ ಹಾಕಿ ಅವಳ ಗಲ್ಲ ಹಿಡಿದಳು.

“ಅಳಬ್ಯಾಡ ನನ ಮಗಳ. ಆದದ್ದ ಆಗಿಹೋತು. ಕೂಸುಗೋಳ ಏನ ಪಾಪ ಮಾಡ್ಯಾವ? ನಾವೆಲ್ಲಾರೂ ಅದೇವಿ. ಒಂದೊಂದು ಮನ್ಯಾಗ ಒಂದೊಂದು ಜ್ವಾಕಿ ಮಾಡತೇವಿ.”

ಬಾಳಕೃಷ್ಣನ ಕೈಯ ಅವಲಕ್ಕಿ ಬಾಯಿಯವರೆಗೂ ಹೋಗಲಿಲ್ಲ. ದಿಗಂಬರರಾಯರು ಎದ್ದು ನಿಂತು, ಕುಂಚಿಗೆಗಳನ್ನು ಎಣಿಸಿ, ರುಮಾಲು ಹುಡುಕತೊಡಗಿದರು. ಲೀಲಾಳ ಮುಖದಲ್ಲಿ ರಕ್ತವಿರಲಿಲ್ಲ. ಆಗ ನೀಲಕಂಠರಾಯರಿಗೆ ತಿಳಿಯಿತು. ಅಂಟು, ಶಂಕ್ರೆಪ್ಪ, ನಾನು ಹೇಳಲು ಹೋದದ್ದು ಎಲ್ಲ ಒಮ್ಮೆಲೇ ತಿಳಿಯಿತು.

“ಅಯ್ಯೋ, ಅವು ಟೈರುರೀ! ಟೈರು!” ಎಂದು ಕೂಗುತ್ತ ಅವರು ಬೀಗರಾಗಬೇಕಿದ್ದವರ ಕೈ ಹಿಡಿದು ದರದರನೆ ಬಚ್ಚಲಮನೆಗೆ ಎಳೆದೊಯ್ದರು. ನಾವೆಲ್ಲ ಹಿಂದೆ ನುಗ್ಗಿದೆವು.

ಲೋಬಾನದ ಹೊಗೆಯಲ್ಲಿ ಮರೆವ್ವ ಕಾಲು ಚಾಚಿ ಕುಳಿತಿದ್ದಳು. ಕಾಲ ಮೇಲೆ ನಾಲ್ಕನೆಯ ಟೈರು, ಅದರ ಮೇಲೆ ಸುಣ್ಣದ ಬೊಟ್ಟು. ಅವಳು ಒಂದು ಕೈಯಿಂದ ನೀರು ಹೊಯ್ಯುತ್ತ, ಇನ್ನೊಂದು ಕೈಯಿಂದ ಅಂಚು ನೀವುತ್ತ, “ಆತು, ಆತು, ಸಡ್ಲ ಬಿಡು ನನ್ನಪ್ಪ,” ಎಂದು ಅದನ್ನು ರಮಿಸುತ್ತಿದ್ದಳು.

ಸೋಮವ್ವ ಮೊದಲು ನಕ್ಕಳು. ಆಮೇಲೆ ಓಣಿಯೆಲ್ಲ ನಕ್ಕಿತು. ತೊಟ್ಟಿಲು ಹೊತ್ತವಳು ತೊಟ್ಟಿಲ ಸಮೇತ ಗೋಡೆಗೆ ಒರಗಿ ನಕ್ಕಳು. ಲೀಲಾ ಅತ್ತು, ನಕ್ಕು, ಸೋಮವ್ವನ ಹೆಗಲಿಗೆ ಬಿದ್ದಳು. ಬಾಳಕೃಷ್ಣನೂ ನಕ್ಕ. ನಗದೆ ಇದ್ದವರು ದಿಗಂಬರರಾಯರೊಬ್ಬರೇ. ಅವರು ಟೈರನ್ನು ನೋಡಿದರು, ನೀಲಕಂಠರಾಯರನ್ನು ನೋಡಿದರು.

“ಇದಕ್ಕ ಎಷ್ಟು ದಿನದಿಂದ ಎರೀಲಿಕ್ಕೆ ಹತ್ತೀರಿ?” ಎಂದು ಸಣ್ಣ ಹುಡುಗರನ್ನು ಕೇಳುವ ಧ್ವನಿಯಲ್ಲಿ ಕೇಳಿದರು.

“ಮೂರು ದಿನ ಆತ್ರಿ. ಬೆಳಿಗ್ಗೆ ಸಂಜೀಕ,” ಎಂದರು ಇವರು ಉತ್ಸಾಹದಿಂದ. “ಉಳಿದ ಮೂರು ಒಳಗ ಮಲಗ್ಯಾವ್ರಿ, ಬರ್ರಿ, ತೋರಿಸ್ತೇನಿ!”

“ಬ್ಯಾಡ, ಮಲಗಲಿ ಬಿಡ್ರಿ,” ಎಂದರು ದಿಗಂಬರರಾಯರು. ಚಹಾ ಕುಡಿದು, ಎಲ್ಲರಿಗೂ ನಮಸ್ಕಾರ ಹೇಳಿ, ಐದರ ಬಸ್ಸಿಗೆ ಹೋದರು.

ಮುಂದಿನ ಸೋಮವಾರ ಕಾರ್ಡು ಬಂತು. ಹಿತ್ತಲಲ್ಲಿ ನಾವೆಲ್ಲ ಸೇರಿದ್ದೆವು. ಆಗಷ್ಟೇ ನಾಲ್ಕನೆಯ ಟೈರು ಗಾಲಿಗೆ ಕೂತಿತ್ತು, ಸಂಗಪ್ಪ ಹಾರೆ ಎಸೆದು ಕುಣಿಯುತ್ತಿದ್ದ. ಕಾರ್ಡನ್ನು ದಾರಿಯಲ್ಲೇ ಓದಿಕೊಂಡು ಬಂದಿದ್ದ ಅಂಚೆಯವನು ಅದನ್ನು ಯಾರ ಮುಖವನ್ನೂ ನೋಡದೆ ಕೊಟ್ಟುಹೋದ.

‘ರಾಜಮಾನ್ಯ ರಾಜಶ್ರೀ ನೀಲಕಂಠರಾಯರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಕನ್ಯೆಯಲ್ಲಿ ಯಾವ ದೋಷವೂ ಇಲ್ಲ. ಚಿರಂಜೀವಿ ಬಾಳಕೃಷ್ಣನಿಗೆ ಮನಃಪೂರ್ವಕ ಒಪ್ಪಿಗೆಯಾಗಿತ್ತು. ಕೂಸಿನ ಮಾತು ಸುಳ್ಳೆಂದು ತಿಳಿದು ಸಂತೋಷವಾಯಿತು. ಆದರೆ ನಿಜವೇನೆಂದು ಕಣ್ಣಾರೆ ಕಂಡ ಮೇಲೆ ನಮ್ಮ ಧೈರ್ಯ ಸಾಲದಾಗಿದೆ. ತಲೆ ಕೆಡುವ ಬೇನೆ ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ತಾವು ತಮ್ಮ ದೇಹಪ್ರಕೃತಿಯ ಕಡೆಗೆ ಲಕ್ಷ್ಯ ಕೊಡಬೇಕು.’

ಲೀಲಾ ತಂದೆಯ ಕೈಯಿಂದ ಕಾರ್ಡು ತೆಗೆದುಕೊಂಡು ಎರಡು ಸಲ ಓದಿದಳು. ಅಳುತ್ತಾಳೆಂದು ಕಮಲಾಬಾಯಿ ಹತ್ತಿರ ಸರಿದರು. ಅವಳು ಅಳಲಿಲ್ಲ. ಮೋಟಾರಿನ ಕಡೆ ನೋಡಿದಳು, ಅದು ಹೊಳೆಯುವ ನಾಲ್ಕು ಟೈರುಗಳ ಮೇಲೆ ನೆಟ್ಟಗೆ ನಿಂತಿತ್ತು.

“ಅಪ್ಪಾ,” ಎಂದಳು, “ಮೋಟಾರು ಬೇಕಂತ ನಾ ಯಾವಾಗರ ಕೇಳಿದ್ನೇನು?”

ನೀಲಕಂಠರಾಯರು ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ಇಲ್ಲ, ಲೀಲಾ,” ಎಂದರು.